ಕಣಜದ ಮುಳ್ಳು ಕೀಳಲು ಕಲಿಸಿದ ಗುರುವರ್ಯರಿಗೆ

ನಮ್ಮ ಮೆಟ್ಟಿಲಸಾಲಿನ ಸಮಸ್ತ ನಿವಾಸಿಗಳೇ, ನೆಲಮಹಡಿಯ ನಾಯಿವಂತರೇ, ನಾಲ್ಕನೆಯ ಮಹಡಿಯ ಮಂಡಿನೋವಂತರೇ, ಚಿಮಣಿ ತಪಾಸಣೆಯ ನೋಟೀಸು ಓದಲು ಬಂದು ಪಕ್ಕದಲ್ಲಿ ಅಂಟಿಸಿದ್ದನ್ನೆಲ್ಲ ಓದಿ ಮುಗಿಸುವ ಸಹೃದಯರೇ,

ಈ ಫಲಕದಲ್ಲಿ ಇಷ್ಟು ಜಾಗ ಆಕ್ರಮಿಸಿದ್ದಕ್ಕೆ ಕ್ಷಮೆಯಿರಲಿ. ಯಾರ ಮೇಲೆ ನನ್ನ ದೂರು ಇದೆಯೋ ಅವರಿಗೆ ಈ ಪತ್ರವನ್ನು ಅಂಚೆಯಲ್ಲೇ ಕಳಿಸಲು ಹೋಗಿದ್ದೆ. ‘ಕರಿಕಣಿವೆ, ಮುರಿದ ಗಿರಣಿಯ ಪಕ್ಕ, ಮಳೆಯಲ್ಲಿ ನಿಂತಿರುತ್ತಾರೆ’ ಎಂಬ ವಿಳಾಸವನ್ನು ಅಂಚೆ ಕಚೇರಿಯ ಹೆಣ್ಣುಮಗಳು ಎರಡು ಸಲ ಓದಿ, ಲಕೋಟೆಯನ್ನು ಗಾಜಿನ ಕೆಳಗಿಂದ ಹಿಂದಕ್ಕೆ ತಳ್ಳಿ, “ಪಿನ್‌ಕೋಡ್ ಹಾಕ್ಕೊಂಡ್ ಬನ್ನಿ ಸಾರ್” ಎಂದುಬಿಟ್ಟರು. ಹೀಗಾಗಿ ಇದು ಬಹಿರಂಗ ಪತ್ರ. ಗುಟ್ಟಿನ ಪತ್ರಕ್ಕೆ ಪಿನ್‌ಕೋಡ್ ಬೇಕು, ಬಹಿರಂಗ ಪತ್ರಕ್ಕೆ ನಾಲ್ಕು ಪಿನ್ನು ಸಾಕು.

ವಿಷಯ: ತಾವು ಕಲಿಸಿದ ವಿದ್ಯೆಯನ್ನು ಹಿಂದಕ್ಕೆ ಪಡೆದು, ನನ್ನ ಹೆಂಡತಿಯನ್ನು ಸೋಫಾಕ್ಕೆ ಮರಳಿಸಿಕೊಡುವ ಬಗ್ಗೆ.

ಮಾನ್ಯ ಗುರುವರ್ಯ ಹೊರ್ಗಾಸ್ ಅವರೇ,

ಬಿತೊಮ್ ಎಂಬ ಗಣಿಯೂರಿನ ಹನ್ನೊಂದನೆಯ ಬ್ಲಾಕಿನ ನಿವಾಸಿಯೂ, ವೃತ್ತಿಯಿಂದ ಕಾರು ಕಲಿಸುವ ಮೇಷ್ಟರೂ, ಯಾಗೊದಾ ಎಂಬಾಕೆಯ ಗಂಡನೂ (ಈ ಕೊನೆಯ ಹುದ್ದೆಯಲ್ಲಿ ಸದ್ಯ ಅಮಾನತಿನಲ್ಲಿದ್ದೇನೆ) ಆದ ಸೆವೆರಿನ್ ಕ್ವೊಸೆಕ್ ಮಾಡುವ ವಂದನೆಗಳನ್ನು ಸ್ವೀಕರಿಸಬೇಕು. ತಾವು ಕ್ಷೇಮವೇ ಎಂದು ಕೇಳುವುದು ರೂಢಿ. ಆದರೆ ತಾವು ಕ್ಷೇಮವಾಗಿಯೇ ಇದ್ದೀರಿ ಎಂದು ಬಲ್ಲೆ. ಮಳೆ ಬರಲಿ, ಹಿಮ ಬರಲಿ, ತೋಳ ಬರಲಿ, ತೋಳನ ಅಪ್ಪನೇ ಬರಲಿ, ತಾವು ಆ ಮುರಿದ ಗಿರಣಿಯ ಪಕ್ಕ ಅದೇ ಬಾಣವನ್ನು ಅದೇ ಕಲ್ಲಿಗೆ ಉಜ್ಜುತ್ತ ನಿಂತಿರುತ್ತೀರಿ, ಬಾಣ ಸವೆಯುವುದಿಲ್ಲ, ಕಲ್ಲು ಕರಗುವುದಿಲ್ಲ, ತಮಗೊಂದು ಸೀನೂ ಬರುವುದಿಲ್ಲ.

ತಮ್ಮ ಪರಿಚಯವಿಲ್ಲದ ನೆರೆಹೊರೆಯವರಿಗಾಗಿ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ತಾವು ‘ಕರಿಕಣಿವೆ’ ಎಂಬ ವಿಡಿಯೋ ಗೇಮಿನಲ್ಲಿ ಬೇಟೆಯ ವಿದ್ಯೆ ಕಲಿಸುವ ಗುರುಗಳು. ಆ ಕಣಿವೆಗೆ ಬಂದಿಳಿಯುವ ನಾಯಕನಿಗೆ ಮೊದಲಿಗೆ ಏನೂ ಬಾರದು. ಕತ್ತಿ ಹಿಡಿದರೆ ಪೊರಕೆ ಹಿಡಿದಂತೆ, ಬಿಲ್ಲು ಎಳೆದರೆ ಬಟ್ಟೆ ಹಿಂಡಿದಂತೆ. ಅವನು ಅಲ್ಲಿಲ್ಲಿ ಅಲೆದು, ಹಂದಿ ತೋಳಗಳೊಂದಿಗೆ ಹೊಡೆದಾಡಿ ಅನುಭವ ಗಳಿಸಿದಂತೆಲ್ಲ ‘ಕಲಿಕೆಯ ಅಂಕ’ ಎಂಬ ಕಣ್ಣಿಗೆ ಕಾಣದ ಆಸ್ತಿ ಕೂಡುತ್ತದೆ. ಆ ಅಂಕಗಳನ್ನೂ, ಜೊತೆಗೆ ಒಂದು ಹಿಡಿ ಚಿನ್ನವನ್ನೂ ತಮ್ಮಂಥ ಗುರುವಿನ ಕೈಗಿಟ್ಟರೆ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮರುಕ್ಷಣ ಬೆಳಗುತ್ತದೆ, ಅಷ್ಟರಲ್ಲಿ ವಿದ್ಯೆ ಬಂದಿರುತ್ತದೆ. ಚಿನ್ನವನ್ನಾದರೂ ಮತ್ತೆ ಎಲ್ಲಿಂದಲೋ ಕದಿಯಬಹುದು, ಆದರೆ ಕೊಟ್ಟ ಅಂಕ ಕೊಟ್ಟದ್ದೇ. ಆದ್ದರಿಂದಲೇ ಈ ಆಟ ಆಡುವವರು ಅಂಕಗಳನ್ನು ಖರ್ಚು ಮಾಡುವ ಮುನ್ನ ಮಗಳ ಮದುವೆ ಮಾಡುವವರಷ್ಟು ವಿಚಾರಿಸುತ್ತಾರೆ.

ಇಲ್ಲಿ ನನ್ನ ವೃತ್ತಿಯ ಅಸೂಯೆಯನ್ನು ಒಪ್ಪಿಕೊಂಡುಬಿಡುತ್ತೇನೆ. ನಾನೂ ದುಡ್ಡು ತೆಗೆದುಕೊಂಡು ವಿದ್ಯೆ ಕಲಿಸುವವನೇ. ಆದರೆ ನಾನು ಕಲಿಸುವಾಗ ಲೋಕ ಕಪ್ಪಾಗಿ ಬೆಳಗುವುದಿಲ್ಲ. ನನ್ನ ಮುಖ ಮಾತ್ರ ಕಪ್ಪಾಗುತ್ತದೆ, ಅದು ಬೆಳಗುವುದು ಸಂಜೆ ಕಾರಿನಿಂದ ಇಳಿದ ಮೇಲೆ. ನನ್ನ ಶಿಷ್ಯೆ ಬೆನಿಗ್ನಾ ಅಮ್ಮನವರನ್ನೇ ನೋಡಿ. ಪರೀಕ್ಷೆಯ ಅಂಗಳದಲ್ಲಿ ಕಂಬಗಳ ನಡುವೆ ಕಾರನ್ನು ಬಾಗಿಸಿ ಹಿಂದಕ್ಕೆ ಓಡಿಸುವ ಒಂದು ಪಾಠವಿದೆ. ಆ ಮಹಾತಾಯಿ ಪ್ರತಿಸಲವೂ ಎಡಗಡೆಯ ಅದೇ ಒಂದು ಕಂಬವನ್ನು ತವರಿನವರನ್ನು ತಬ್ಬಿಕೊಂಡಂತೆ ತಬ್ಬಿಕೊಳ್ಳುತ್ತಾರೆ. ಮೊನ್ನೆ ಕಂಬವನ್ನು ಎತ್ತಿ ನಿಲ್ಲಿಸುತ್ತಿದ್ದ ನನ್ನನ್ನು ಕಿಟಕಿಯಿಂದ ನೋಡುತ್ತ, “ಮೇಷ್ಟ್ರೇ, ನನ್ನ ಮೊಮ್ಮಗನ ಗೇಮಲ್ಲಿ ಕುದುರೆ ಸವಾರಿ ಮೇಷ್ಟ್ರಿಗೆ ದುಡ್ಡು ಕೊಟ್ರೆ ಅಲ್ಲೇ ನಿಂತ ಹಾಗೇ ಬಂದ್ಬಿಡುತ್ತಂತೆ. ನೀವ್ಯಾಕೆ ಇಷ್ಟೊಂದು ಗಂಟೆ ಎಳೀತೀರಿ?” ಎಂದು ಕೇಳಿದರು. ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಗ್ರಾಹಕರ ಹಕ್ಕು ಇತ್ತು. ಒಬ್ಬ ಶಿಷ್ಯನೂ ಫೇಲಾಗದ ಶಾಲೆ ಈ ಭೂಮಿಯ ಮೇಲೆ ತಮ್ಮದೊಂದೇ, ಅದೂ ಭೂಮಿಯ ಮೇಲಿಲ್ಲ.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ಗಣಿ ಕೆಲಸಗಾರರನ್ನು ಕಾಯುವ ಸಂತ ಬಾರ್ಬರಾಳ ಹಬ್ಬದ ದಿನ, ಕಪ್ಪು ಸಮವಸ್ತ್ರ, ಗರಿಯ ಟೋಪಿಯಲ್ಲಿ ಬ್ಯಾಂಡಿನ ಹಿಂದೆ ನಡೆದು ಬಂದ, ಗಣಿಯಲ್ಲಿ ದುಡಿಯುವ ನನ್ನ ಭಾವಮೈದ ಆಲೊಯ್ಸ್, ಕಂಕುಳಲ್ಲಿ ಒಂದು ಡಬ್ಬಿ ಇಟ್ಟುಕೊಂಡು ನಮ್ಮ ಬಾಗಿಲು ತಟ್ಟಿದ. ಆಲೊಯ್ಸ್‌ಗೆ ಲೋಕದಲ್ಲಿ ಎರಡೇ ಪ್ರೀತಿ, ಪಾರಿವಾಳ ಮತ್ತು ಪರದೆ. ಹೊಸ ಗೇಮಿನ ಯಂತ್ರ ಕೊಂಡಿದ್ದನಾದ್ದರಿಂದ ಹಳೆಯದನ್ನು ಅಕ್ಕನಿಗೆ ದಾನ ಮಾಡಲು ಬಂದಿದ್ದ. “ಇಟ್ಕೋ ಅಕ್ಕ, ಚಳಿಗಾಲ ಕಳೆಯುತ್ತೆ. ಭಾವಂಗೆ ಮಾತ್ರ ಕೊಡ್ಬೇಡ, ಅವ್ರು ಕುದುರೆಗೂ ಸೀಟ್‌ಬೆಲ್ಟ್ ಹಾಕ್ತಾರೆ” ಎಂದು ಹೇಳಿ, ಒಂದು ಗುಟುಕು ಏರಿಸಿ, ಪಾರಿವಾಳಗಳ ಊಟದ ಹೊತ್ತಾಯಿತೆಂದು ಹೊರಟುಹೋದ.

ತಮಗೆ ನಮ್ಮ ಮನೆಯ ಅಂದಿನ ಸ್ಥಿತಿ ತಿಳಿದಿರಬೇಕು. ನಮ್ಮಲ್ಲಿ ಎರಡು ಟಿವಿಗಳಿದ್ದವು. ಅವಳದು ಅಡುಗೆಮನೆಯಲ್ಲಿ ಹಾಡುತ್ತಿತ್ತು, ನನ್ನದು ಕೋಣೆಯಲ್ಲಿ ಗೋಲು ಹೊಡೆಯುತ್ತಿತ್ತು, ನಡುವೆ ಒಂದು ಗೋಡೆ ಯಾರ ಪಕ್ಷವನ್ನೂ ವಹಿಸದೆ ನಿಂತಿತ್ತು. ಜಗಳವೇನೂ ಇರಲಿಲ್ಲ, ಜಗಳವಾಡಲು ಒಂದೇ ಕೋಣೆಯಲ್ಲಿರಬೇಕಲ್ಲ. ಸಾರಿಗೆ ಉಪ್ಪಾಯಿತೆ, ಬಾಗಿಲಿಗೆ ಚಿಲಕ ಬಿತ್ತೆ, ಇಷ್ಟರಲ್ಲಿ ನಮ್ಮ ಸಂಜೆಯ ಸಾಹಿತ್ಯ ಮುಗಿದುಹೋಗುತ್ತಿತ್ತು.

ಆ ಡಬ್ಬಿ ಬಂದ ಮೇಲೆ ಯಾಗೊದಾ ಕೈಯಲ್ಲಿ ಆಟದ ಹಿಡಿಕೆ, ನನ್ನ ಮಡಿಲಲ್ಲಿ ಆಟದ ಜೊತೆ ಬಂದ ಬಟ್ಟೆಯ ನಕ್ಷೆ. ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣಿಗೆ ಗಾಜು ಕೂರಿಸುವವಳು, ಗುರಿಯಿಟ್ಟರೆ ತಪ್ಪದು; ನಮ್ಮ ನಾಯಕ ಬಿಲ್ಲುಗಾರನಾಗಬೇಕೆಂದು ಮೊದಲ ವಾರದಲ್ಲೇ ತೀರ್ಮಾನಿಸಿದಳು. ನಾನು ದಾರಿ ಹೇಳುವವನು. ನನ್ನ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕು ಇರುತ್ತದೆ, ಸೋಫಾದಲ್ಲಿ ಅದಿರಲಿಲ್ಲವಾದ್ದರಿಂದ ಬಾಯಿಯನ್ನೇ ಬಳಸುತ್ತಿದ್ದೆ. “ಎಡಕ್ಕೆ ತಿರುಗು, ತಿರುಗೋ ಮುಂಚೆ ಕನ್ನಡಿ ನೋಡ್ಕೋ” ಎಂದರೆ, “ತೋಳ ಅಟ್ಟಿಸ್ಕೊಂಡ್ ಬರ್ತಿದೆ, ಯಾವ ಕನ್ನಡಿ ನೋಡ್ಲಿ ಮಾರಾಯಾ!” ಎನ್ನುವಳು. “ಬಲಗಡೆಯಿಂದ ಬರೋರಿಗೆ ದಾರಿ ಬಿಡ್ಬೇಕು ಯಾಗೊದಾ” ಎಂದರೆ, “ಬಲಗಡೆಯಿಂದ ಬರ್ತಿರೋದು ರಾಕ್ಷಸ ಕಣೋ!” ಎಂದು ಕಿರುಚಿ, ರಾಕ್ಷಸನ ಹಣೆಗೆ ಬಾಣ ನೆಟ್ಟು, ನನ್ನ ಭುಜಕ್ಕೊಂದು ಗುದ್ದುವಳು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟಿ ನಮ್ಮನ್ನು ಎಚ್ಚರಿಸಿದ ಸಂಜೆಗಳಿವೆ. ಅಷ್ಟು ಗದ್ದಲವನ್ನು ನಾವಿಬ್ಬರೇ ಮಾಡಿದೆವೆಂದು ಅವರು ಇಂದಿಗೂ ನಂಬುವುದಿಲ್ಲ, ಅತಿಥಿಗಳು ಯಾವಾಗ ಹೋಗುತ್ತಾರೆ ಎಂದು ಕೇಳುತ್ತಾರೆ.

ಆ ದಿನಗಳಲ್ಲಿ ಜೌಗಿನ ಹತ್ತಿರ ಕೋಳಿಯಷ್ಟು ದಪ್ಪದ ಕಣಜದ ಹುಳುಗಳು ನಮ್ಮ ಬಿಲ್ಲುಗಾರನಿಗೆ ಕುಟುಕಿ ಕುಟುಕಿ ಕಾಟ ಕೊಟ್ಟಿದ್ದು ತಮ್ಮ ನೆನಪಿನಲ್ಲಿರಬಹುದು. ಯಾಗೊದಾ ಕ್ರಿಸ್ಮಸ್‌ಗೆ ಮೊದಲೇ ಪಣತೊಟ್ಟು, ಪೊದೆ ಪೊದೆ ಹುಡುಕಿ, ಕಣಿವೆಯ ಕಟ್ಟಕಡೆಯ ಕಣಜವನ್ನೂ ಕೆಡವಿದಳು. ಆ ಆಟದಲ್ಲಿ ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಫೆಬ್ರವರಿಯ ಹೊತ್ತಿಗೆ ಕಣಿವೆಯಲ್ಲಿ ಜೀವವೆಂದು ಉಳಿದಿದ್ದವರು ತಾವು, ತಮ್ಮಂಥ ಗುರುಗಳು, ಊರಿನ ಕಾವಲಿನವರು, ಒಂದಷ್ಟು ಕೋಳಿಗಳು, ಮತ್ತು ಗೋಪುರದ ಮೇಲೆ ಕುಳಿತ ಬೂದಿದೊರೆ. ಕೋಳಿಗಳನ್ನು ಕೊಂದರೆ ಅನುಭವ ಬರುವುದಿಲ್ಲ, ಕಾವಲಿನವರು ಬರುತ್ತಾರೆ. ಬೂದಿದೊರೆಯನ್ನು ಕೊಂದರೆ ಆಟವೇ ಮುಗಿಯುತ್ತದೆ, ಆದರೆ ಅವನನ್ನು ಕೊಲ್ಲಲು ಕರಿಮರದ ಬಿಲ್ಲು ಬೇಕು, ಆ ಬಿಲ್ಲನ್ನೆಳೆಯಲು ಬಿಲ್ವಿದ್ಯೆಯ ಕೊನೆಯ ಮೆಟ್ಟಿಲು ಬೇಕು, ಆ ಮೆಟ್ಟಿಲು ಹತ್ತಲು ತಾವು ಬೇಕು. ಅದಕ್ಕೆಂದೇ ಯಾಗೊದಾ ವಾರಗಟ್ಟಲೆ ಅಂಕಗಳನ್ನು ಮುಟ್ಟದೆ ಕಾದಿರಿಸಿದ್ದಳು. ಒಂದು ಬುಧವಾರ ನಕ್ಷೆಯನ್ನು ಮಡಿಸುತ್ತ, “ಶನಿವಾರ ಹೊರ್ಗಾಸ್ ಹತ್ರ ಹೋಗಿ ಕಲಿತ್ಕೊಳ್ತೀನಿ, ಭಾನುವಾರ ಬೂದಿದೊರೆ ಗೊಟಕ್, ಸೋಮವಾರ ಡಬ್ಬಿ ಆಲೊಯ್ಸ್‌ಗೆ ವಾಪಸ್. ಅಡುಗೆಮನೆ ಟಿವಿ ಮೇಲೆ ಎಷ್ಟು ಧೂಳು ಕೂತಿದೆ ನೋಡು” ಎಂದಳು. ಒಳ್ಳೆಯದೆಂದೆ.

ಮರುದಿನ ಉಪವಾಸದ ದಿನಗಳಿಗೆ ಮುಂಚಿನ ಕೊಬ್ಬಿನ ಗುರುವಾರ. ಈ ಊರಿನಲ್ಲಿ ಆ ದಿನ ಡೋನಟ್ ಕರಿಯದ ಮನೆಯಿಲ್ಲ, ತಿನ್ನದ ಮನುಷ್ಯನಿಲ್ಲ. ಯಾಗೊದಾ ಸಂಜೆ ತಾಯಿಯ ಮನೆಗೆ ಡೋನಟ್ ಕರಿಯಲು ಹೋದಳು. ನಾನು ಒಬ್ಬನೇ ಇದ್ದೆನಾದ್ದರಿಂದ, ಕೇವಲ ತಮ್ಮ ಯೋಗಕ್ಷೇಮ ವಿಚಾರಿಸುವ ಉದ್ದೇಶದಿಂದ ಆಟ ತೆರೆದು ತಮ್ಮೆದುರು ಬಂದು ನಿಂತೆ. ತಾವು ವಿದ್ಯೆಗಳ ಪಟ್ಟಿಯನ್ನು ಚಾಚಿದಿರಿ. ಮೇಲಿನ ಸಾಲಿನಲ್ಲಿ ‘ಬಿಲ್ವಿದ್ಯೆ, ಕೊನೆಯ ಮೆಟ್ಟಿಲು’. ಅದರ ಕೆಳಗಿನ ಸಾಲಿನಲ್ಲಿ ‘ಕಣಜದ ಮುಳ್ಳು ಕೀಳುವುದು’, ಅಂದರೆ ಕೊಂದ ಕಣಜದಿಂದ ಮುಳ್ಳು ಕಿತ್ತು ಇಟ್ಟುಕೊಳ್ಳುವ ವಿದ್ಯೆ. ಬೆರಳು ಕೆಳಗಿನ ಸಾಲಿನ ಮೇಲೆ ಬಿತ್ತು. ತಾವು, ಎಲ್ಲಾ ಬಲ್ಲ ಬೇಟೆಗಾರರು, ಆ ಕಣಿವೆಯಲ್ಲಿ ಒಂದು ಕಣಜವೂ ಉಳಿದಿಲ್ಲವೆಂದು ನನಗಿಂತ ಚೆನ್ನಾಗಿ ತಿಳಿದವರು, ಗಡ್ಡ ನೀವಿಕೊಂಡು, “ಒಳ್ಳೇ ಆಯ್ಕೆ. ಗಮನ ಇಟ್ಟು ನೋಡು” ಎಂದಿರಿ. ಕಪ್ಪಾಯಿತು, ಬೆಳಗಾಯಿತು. ಆ ವಿದ್ಯೆಯಲ್ಲೂ ಎರಡನೆಯ ಮೆಟ್ಟಿಲಿತ್ತು, ಮುಳ್ಳು ಮುರಿಯದಂತೆ ಕೀಳುವುದು. “ಒಳ್ಳೇ ಆಯ್ಕೆ.” ಮೂರನೆಯದೂ ಇತ್ತು, ವಿಷದ ಚೀಲದ ಸಮೇತ ಕೀಳುವುದು. “ಒಳ್ಳೇ ಆಯ್ಕೆ.” ಆಮೇಲೆ ಕೈಕೊಡವಿಕೊಂಡು, “ಈ ವಿದ್ಯೆಯಲ್ಲಿ ನಿನಗೆ ಕಲಿಸೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ” ಎಂದಿರಿ. ಉಳಿದಿರಲಿಲ್ಲ, ನಿಜ. ನನ್ನ ಬಳಿ ಅಂಕಗಳೂ ಉಳಿದಿರಲಿಲ್ಲ. ಆಟ ಮುಚ್ಚುವ ಮುನ್ನ ಅಲ್ಲಿಯವರೆಗಿನದನ್ನು ಉಳಿಸಿಡುವುದು ಸಜ್ಜನರ ಅಭ್ಯಾಸ. ಉಳಿಸಿಟ್ಟೆ, ಯಾಗೊದಾಳ ಏಕೈಕ ದಾಖಲೆಯ ಮೇಲೆಯೇ; ಹಳೆಯದು ಅಳಿಸಿಹೋಯಿತು.

ಅವಳು ಗುಲಾಬಿ ಹೂವಿನ ಜಾಮು ತುಂಬಿದ ಡೋನಟ್‌ಗಳ ತಟ್ಟೆ ಹಿಡಿದು ಬಂದು, ಬೂಟು ಬಿಚ್ಚುವ ಮೊದಲೇ, ನಾನಿನ್ನೂ ಮುಚ್ಚಿರದ ಪರದೆ ನೋಡಿದಳು. ತಟ್ಟೆಯನ್ನು ಮೆಲ್ಲಗೆ ಇಳಿಸಿದಳು. “ಸೆವೆರಿನ್, ಕಣಿವೆಯಲ್ಲಿ ಒಂದಾದ್ರೂ ಕಣಜ ಇದ್ಯಾ?” ಎಂದಳು. ಇಲ್ಲವೆಂದೆ. “ಯಾರು ಕೊಂದಿದ್ದು?” ನೀನೇ ಎಂದೆ. “ಮತ್ತೆ ಈಗ ಯಾರ ಮುಳ್ಳು ಕೀಳ್ತೀಯ, ನಿಂದಾ?” ಬೆರಳು ಜಾರಿತೆಂದು ತೊದಲಿದೆ, ಮೇಷ್ಟ್ರು ಎಚ್ಚರಿಸಲಿಲ್ಲವೆಂದು ದೂರಿದೆ. ಆಗ ಅವಳು ನುಡಿದದ್ದನ್ನು ಯಥಾವತ್ತಾಗಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: “ಆ ಮೇಷ್ಟ್ರು ನನ್ನ ಅಂಕ ವಾಪಸ್ ಕೊಟ್ಟ ದಿನ ನಿನ್ನ ಪಕ್ಕ ಕೂರ್ತೀನಿ. ಅಲ್ಲೀವರೆಗೆ ಸೋಫಾ ನಿಂದು, ಅಡುಗೆಮನೆ ನಂದು.” ಗೋಡೆಯಾಚೆ ಹಾಡು ಶುರುವಾಯಿತು. ಡೋನಟ್ ಕೂಡ ಆಚೆಗೇ ಹೋಯಿತು.

ಭಾನುವಾರ ಅತ್ತೆ ಗೆರ್ತ್ರುದಾ ಅವರ ಮನೆಯಲ್ಲಿ, ಮಾಂಸದ ಸುರುಳಿ, ನಡುವೆ ಕುಳಿಯಿರುವ ಆಲೂಗಡ್ಡೆ ಕಡುಬು, ಕೆಂಪು ಕೋಸಿನ ಸಮಕ್ಷಮದಲ್ಲಿ ನನ್ನ ವಿಚಾರಣೆ ನಡೆಯಿತು. ನಾನು ತಮ್ಮನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲು ಹೆಣಗಿದೆ, ಆದರೆ ಅತ್ತೆಯವರು ತಮ್ಮ ವಕೀಲರಾಗಿಬಿಟ್ಟರು. “ಅವನು ದುಡ್ಡು ಇಸ್ಕೊಂಡ, ಪಾಠ ಹೇಳ್ದ. ನಿಯತ್ತಿನ ಮನುಷ್ಯ. ಅಳಿಯಂದ್ರಿಗೆ ಬೇಡ್ದಿದ್ದು ಕಲೀಬೇಡಿ ಅಂತ ಅವನ್ಯಾಕೆ ಹೇಳ್ತಾನೆ? ಅಲ್ಲ, ಕಣಜ ಕಡಿದ್ರೆ ಈರುಳ್ಳಿ ಉಜ್ಜಿದ್ರಾಯ್ತು, ಅದಕ್ಕೂ ಫೀಸಾ!” ಎಂದು ಕಡುಬಿನ ಕುಳಿಗೆ ಸಾರು ಹೊಯ್ದರು.

ಆಲೊಯ್ಸ್ ನಗುವುದನ್ನು ನಿಲ್ಲಿಸಲು ಒಂದು ಲೋಟ ನೀರು ಬೇಕಾಯಿತು. “ಭಾವ, ಎಷ್ಟು ವರ್ಷದಿಂದ ಆಡ್ತಿದ್ದೀನಿ, ಆ ಮುಳ್ಳಿನ ವಿದ್ಯೆಯಲ್ಲಿ ಡಿಗ್ರಿ ಮಾಡಿದ ಪುಣ್ಯಾತ್ಮನ್ನ ಇವತ್ತೇ ನೋಡಿದ್ದು” ಎಂದವನು, ಕಣ್ಣೊರೆಸಿಕೊಂಡು, ಪಾರಿವಾಳದ ಕಾಲುಂಗುರ ಪರೀಕ್ಷಿಸುವವನ ಹಾಗೆ ನನ್ನನ್ನೇ ನೋಡತೊಡಗಿದ. “ಬೆರಳು ಜಾರ್ತು, ಸರಿ. ಮೂರು ಸಲಾನೂ ಅದೇ ಕಡೆ ಜಾರ್ತಾ? ಆಮೇಲೆ ಅದರ ಮೇಲೇ ಸೇವ್ ಮಾಡಿದ್ದು, ಅದೂ ಜಾರ್ತಾ?” ನಾನು ಕೋಸಿನಲ್ಲಿ ಮಗ್ನನಾದೆ. ಯಾಗೊದಾ ಮಾತ್ರ ತಲೆಯೆತ್ತಿ, “ಇದಕ್ಕೇನಾದ್ರೂ ದಾರಿ ಇದ್ಯೇನೋ?” ಎಂದು ತಮ್ಮನನ್ನು ಕೇಳಿದಳು. “ಒಂದೇ ದಾರಿ ಅಕ್ಕ. ಮೊದ್ಲಿಂದ ಶುರು ಮಾಡ್ಬೇಕು. ಬೇಸಿಗೆವರೆಗೂ ಆಗುತ್ತೆ” ಎಂದ ಅವನು. “ಆಗ್ಲಿ, ಇವತ್ತಿಂದ್ಲೇ! ನಾನು ನಕ್ಷೆ ಹಿಡ್ಕೋತೀನಿ” ಎಂದೆ ನಾನು, ಬಹುಶಃ ಅಗತ್ಯಕ್ಕಿಂತ ಹೆಚ್ಚು ಹುರುಪಿನಿಂದ. “ನಿನ್ನ ಜೊತೇನಾ?” ಎಂದು ಅವಳು ಕೋಸಿನ ಬಟ್ಟಲನ್ನು ಮೇಜಿನ ಆ ತುದಿಗೆ ಒಯ್ದಳು.

ಆದಕಾರಣ, ಮಾನ್ಯರೇ, ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ, ತಾವು ಆ ಬಾಣ ಉಜ್ಜುವುದನ್ನು ಒಂದು ಗಳಿಗೆ ನಿಲ್ಲಿಸಿ, ನಾನು ಕಲಿತದ್ದನ್ನು ಮರೆಸಿ, ಕೊಟ್ಟ ಅಂಕಗಳನ್ನು ಮರಳಿಸಬೇಕು. ಚಿನ್ನ ತಮ್ಮಲ್ಲೇ ಇರಲಿ, ಒಂದು ಕೊಡೆ ಕೊಂಡುಕೊಳ್ಳಿ. ಅಂಕ ಮರಳಿಸುವುದು ತಮ್ಮ ಗುರುಪರಂಪರೆಯಲ್ಲಿ ಇಲ್ಲವೆಂದಾದರೆ, ಕಣಿವೆಯೊಳಗೆ ಒಂದೇ ಒಂದು ಕಣಜವನ್ನಾದರೂ ತಂದು ಬಿಡಬೇಕು. ಅದು ಮುದಿಯಾಗಿದ್ದರೂ ನಡೆದೀತು, ಕುಂಟಾಗಿದ್ದರೂ ನಡೆದೀತು, ನನ್ನ ಪಾಂಡಿತ್ಯಕ್ಕೊಂದು ಉದ್ಯೋಗ ಸಿಕ್ಕಿ ಹೆಂಡತಿಯೆದುರು ಮುಖ ಉಳಿದೀತು. ಅದೂ ಆಗದೆಂದರೆ ಮುಂದಿನ ಭಾನುವಾರ ತಾವೇ ಅತ್ತೆಯವರ ಮನೆಗೆ ಊಟಕ್ಕೆ ದಯಮಾಡಿಸಿ, ಪಟ್ಟಿಯ ಸಾಲುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆಯೆಂದು ಸಾಕ್ಷಿ ನುಡಿಯಬೇಕು. ಕಡುಬು ಸಾಕಷ್ಟಿರುತ್ತದೆ. ಬಿಲ್ಲು ಮಾತ್ರ ಬಾಗಿಲಲ್ಲೇ ಬಿಟ್ಟು ಬನ್ನಿ, ಆಲೊಯ್ಸ್‌ಗೆ ಪಾರಿವಾಳಗಳ ಚಿಂತೆ.

ಇನ್ನೊಂದು ಸಣ್ಣ ಸಲಹೆ. ಈ ಊರಿನಲ್ಲಿ ಕನ್ನಡಕದ ಅಂಗಡಿಯವರೂ ಚೌಕಟ್ಟು ಕೊಡುವ ಮುನ್ನ “ಇದೇ ತಾನೇ?” ಎಂದು ಒಂದು ಮಾತು ಕೇಳುತ್ತಾರೆ. ತಾವೂ ಶಿಷ್ಯನ ಮುಖವನ್ನೊಮ್ಮೆ ನೋಡಿ, ಅವನ ಮನೆಯ ಪರಿಸ್ಥಿತಿಯನ್ನೊಮ್ಮೆ ವಿಚಾರಿಸಿ, ಆಮೇಲೆ ಪರದೆ ಕಪ್ಪು ಮಾಡುವ ಪದ್ಧತಿಯನ್ನು ಜಾರಿಗೆ ತಂದರೆ ಎಷ್ಟೋ ಸಂಸಾರಗಳು ಉಳಿದಾವು. ಅರ್ಜಿಯನ್ನು ಬರಿಗೈಲಿ ಸಲ್ಲಿಸಬಾರದೆಂದು ನಾಲ್ಕು ಸಾಲು ಕಟ್ಟಿದ್ದೇನೆ, ಪ್ರಾಸವನ್ನಾದರೂ ಪರಾಂಬರಿಸಬೇಕು:

ಬಿಲ್ಲಿಗೆ ಇಟ್ಟದ್ದು ಮುಳ್ಳಿಗೆ ಹೋಯ್ತು,
ಸೊಲ್ಲಿದ್ದ ಮನೆಯಲ್ಲಿ ಸೊಲ್ಲೇ ಸತ್ತೋಯ್ತು;
ಅಲ್ಲಿಂದ ಇಲ್ಲಿಗೆ ಅಂಕ ಬರದಿದ್ದರೆ
ಎಲ್ಲಿಗೆ ಹೋಗಲಿ, ಗುರುವೇ, ಈ ಹೊತ್ತು?

ತಮ್ಮ ಶಾಲೆಯ ಕೀರ್ತಿ ಕಣಿವೆಯ ಉದ್ದಗಲಕ್ಕೂ ಹಬ್ಬಲಿ, ತಮ್ಮ ಗಡ್ಡ ಎಂದಿನಂತೆ ಒಂದು ಕೂದಲೂ ಬೆಳೆಯದೆ ಇರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಸೆವೆರಿನ್ ಕ್ವೊಸೆಕ್
ಕಣಜ ಮುಳ್ಳು ವಿಶಾರದ, ಮೂರೂ ಮೆಟ್ಟಿಲು ಉತ್ತೀರ್ಣ

ತಾ.ಕ.: ಈ ಫಲಕದ ನೋಟೀಸುಗಳನ್ನು ತೆಗೆಯುವ ದಿನದೊಳಗೆ ತಮ್ಮಿಂದ ಉತ್ತರ ಬಾರದಿದ್ದರೆ, ತಮ್ಮದೇ ಕಣಿವೆಯ ಸೇತುವೆಯ ಕೆಳಗೆ ಕೂರುವ ಹಲ್ಲಿಲ್ಲದ ಮುದುಕಿಯ ಶಿಷ್ಯತ್ವ ಸ್ವೀಕರಿಸುತ್ತೇನೆ. ಆಕೆ ಕಲಿಸುವುದು ಜೇಬು ಕತ್ತರಿಸುವ ವಿದ್ಯೆಯೇ ಆದರೂ, ಅದನ್ನು ಬಾಯಿಬಿಟ್ಟು ಹೇಳಿಯೇ ಕಲಿಸುತ್ತಾಳೆ, ತಮ್ಮ ಹಾಗೆ ಬೇಟೆ ಎಂದು ಹೆಸರಿಡುವುದಿಲ್ಲ. ಅಲ್ಲದೆ ಆಕೆ

ಬೇಡ, ಬಿಡಿ. ಮೇಷ್ಟ್ರದೇನೂ ತಪ್ಪಿಲ್ಲ. ಬೆರಳು ಜಾರಲಿಲ್ಲ. ಯಾಗೊದಾ, ಅಂಗಡಿಗೆ ಹೊರಟಾಗ ನೀನು ಇಲ್ಲಿ ನಿಂತು ಎಲ್ಲವನ್ನೂ ಓದುತ್ತೀಯ, ನನಗೆ ಗೊತ್ತು. ಆ ಬಿಲ್ಲು ನಿನ್ನ ಕೈಗೆ ಬಂದಿದ್ದರೆ ಭಾನುವಾರ ಆಟ ಮುಗಿದುಹೋಗುತ್ತಿತ್ತು. ಸೋಮವಾರ ಸಂಜೆ ನಾವಿಬ್ಬರೂ ಏನು ಮಾಡುತ್ತೇವೆ ಎಂದು ನಾನು ಕೂತು ಯೋಚಿಸಿದೆ. ತುಂಬಾ ಹೊತ್ತು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಅದಕ್ಕೇ ಒತ್ತಿದೆ.